ಪೂಜೆಗಿಟ್ಟ ಬೆಲ್ಟು

ದಸರೆಯ ಖಂಡೇಪೂಜೆಯ ದಿನ ಮಧ್ಯಾಹ್ನ ನಾನು ಹೋಳಿಗೆಗೆ ಹೂರಣ ರುಬ್ಬುತ್ತಿದ್ದೆ. ಕರೆಂಟು ಹೋಗಿತ್ತು, ಒಳಕಲ್ಲಿನ ಮುಂದೆ ಕುಳಿತಿದ್ದೆ. ಕೈಯೆಲ್ಲ ಬೇಳೆ ಬೆಲ್ಲ. ಗೂಡಿನಲ್ಲಿಟ್ಟ ಮೊಬೈಲು ಒಮ್ಮೆ ಹೊಡೆದುಕೊಂಡು ನಿಂತಿತು, ಮತ್ತೊಮ್ಮೆ ಹೊಡೆದುಕೊಂಡಿತು. ಮಡಿಯಲ್ಲಿದ್ದೆ, ನೈವೇದ್ಯ ಇನ್ನೂ ಆಗಿರಲಿಲ್ಲ, ಫೋನು ಮುಟ್ಟಿದರೆ ಮತ್ತೆ ಕೈಕಾಲು ತೊಳೆದು ಬರಬೇಕು ಎಂದು ಸುಮ್ಮನಾದೆ. ಮೂರನೆಯ ಸಲ ಹೊಡೆದುಕೊಳ್ಳುತ್ತಿರುವಾಗ ಪಕ್ಕದ ಮನೆಯ ನೀಲವ್ವ ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು.

“ಫೋನ ಎತ್ತಾಕ ಏನಾಗೇತಿ ನಿನಗ? ಕಟ್ಟಡದ ಸಾರವಿ ಮ್ಯಾಲಿಂದ ಇಬ್ರೂ ಬಿದ್ದಾರಂತ. ನಿಮ್ಮನಿಯವ್ರು ಅರಾಮ ಅದಾರಂತ. ದಾವಲಸಾಬಗ ಭಾಳ ಪೆಟ್ಟ ಹತ್ತೇತಂತ. ನಡಿ, ದವಾಖಾನಿಗೆ ಹೋಗೂಣು.”

ನಮ್ಮವರು ಅರಾಮ ಇದ್ದಾರೆ ಎಂಬ ಮಾತು ಮೊದಲು ಕಿವಿಗೆ ಬಿತ್ತು, ಅವರ ಜೊತೆಗಾರ ದಾವಲಸಾಬರ ಹೆಸರು ಆಮೇಲೆ. ಆ ಎರಡರ ನಡುವೆ ಒಂದು ಉಸಿರಿನಷ್ಟು ಹೊತ್ತು ನಾನು ಸಂತೋಷಪಟ್ಟೆ. ಅದನ್ನು ಈ ನಾಲ್ಕು ವರ್ಷದಲ್ಲಿ ಮರೆಯಲು ಆಗಿಲ್ಲ.

ಮುಂದೆ ಹೇಳುವ ಮೊದಲು ಒಂದು ಮಾತು. ನಾನು ದೇವರನ್ನು ಬಿಟ್ಟವಳಲ್ಲ. ಸೋಮವಾರ ಒಪ್ಪತ್ತು ಇರುತ್ತೇನೆ, ದೀಪ ಹಚ್ಚದೆ ಚಹಾ ಕುಡಿಯುವುದಿಲ್ಲ. ಆದರೆ ಮೂರ್ತಿ ಕಣ್ಣು ಬಿಟ್ಟಿತು, ಗೋಡೆಯಲ್ಲಿ ಪಾದ ಮೂಡಿತು ಎಂದು ಜನ ಓಡುವಾಗ ನಾನು ಓಡಿದವಳಲ್ಲ. ಅಂಥದ್ದನ್ನು ಹೇಳುವವರ ಮುಂದೆ ಹೂಂ ಎಂದು ಎದ್ದು ಒಳಗೆ ಹೋಗುತ್ತಿದ್ದೆ. ನಮ್ಮ ಬೆಟಗೇರಿಯಲ್ಲಿ ಎಷ್ಟೋ ದಿನಕ್ಕೊಮ್ಮೆ ನಲ್ಲಿ ಬರುವಾಗ ನಾನು ಮನೆಯಲ್ಲಿರುವುದು, ಸಂಜೆ ನಮ್ಮವರ ಚಪ್ಪಲಿ ಬಾಗಿಲಲ್ಲಿ ಬಿಚ್ಚಿದ ಸದ್ದಾಗುವುದು, ದೇವರು ನನಗೆ ಕೊಟ್ಟದ್ದು ಇಂಥವೇ. ಇದಕ್ಕಿಂತ ದೊಡ್ಡದನ್ನು ನಾನು ಕೇಳಿರಲಿಲ್ಲ, ಕೊಡುತ್ತಾನೆಂದು ನಂಬಿಯೂ ಇರಲಿಲ್ಲ.

ನಮ್ಮವರು ಗೌಂಡಿ ಕೆಲಸದವರು. ಗೋಡೆ ಕಟ್ಟುತ್ತಾರೆ, ಗಾರೆ ಬಳಿದು ಗಿಲಾಯಿ ಮಾಡುತ್ತಾರೆ. ಮದುವೆಯಾದಾಗಿನಿಂದ ಅವರ ದಿನವೆಲ್ಲ ಸಾರುವೆಯ ಮೇಲೆ ಕಳೆದಿದೆ. ಗಳಗಳನ್ನು ನಿಲ್ಲಿಸಿ, ಅಡ್ಡ ಗಳ ಕಟ್ಟಿ, ಮೇಲೆ ಹಲಗೆ ಹಾಸಿ ಅದರ ಮೇಲೆ ನಿಂತು ಮಾಡುವ ಕೆಲಸ. ಗುತ್ತಿಗೆದಾರ ಹಲಗೆ, ಹಗ್ಗ ಕೊಡುತ್ತಿದ್ದ. ಮನುಷ್ಯ ಬಿದ್ದರೆ ಹಿಡಿಯುವಂಥದ್ದು ಏನನ್ನೂ ಕೊಡುತ್ತಿರಲಿಲ್ಲ. ನನ್ನ ತಮ್ಮ ಮುಂಡರಗಿ ಕಡೆ ಗುಡ್ಡದ ಮೇಲಿನ, ಕರೆಂಟು ಮಾಡುವ ಗಾಳಿ ಫ್ಯಾನುಗಳ ಕಂಬ ಹತ್ತಿ ರಿಪೇರಿ ಮಾಡುವವನು. ಅವನು ಬೆಲ್ಟು ಹಾಕಿಕೊಳ್ಳದೆ ಒಂದು ಮೆಟ್ಟಿಲೂ ಹತ್ತುವಂತಿಲ್ಲ ಎಂದು ಕೇಳಿ, ನಮ್ಮವರಿಗೂ ಒಂದು ತಂದುಕೊಡು ಎಂದು ಬೆನ್ನು ಹತ್ತಿದೆ. ಹುಬ್ಬಳ್ಳಿಯಿಂದ ಹೊಸದೇ ತಂದ. ಎರಡು ತೊಡೆಗೆ, ಎದೆಗೆ ಪಟ್ಟಿ. ಬೆನ್ನಿನಿಂದ ಒಂದು ಬಾಲ, ಅದರ ತುದಿಯ ಕೊಂಡಿಯನ್ನು ಗಟ್ಟಿ ಗಳಕ್ಕೆ ಸಿಕ್ಕಿಸಬೇಕು. ಬಾಲದ ನಡುವೆ ಹುಣಸೆಹಣ್ಣಿನ ಪೊಟ್ಟಣದಷ್ಟು ದಪ್ಪಗೆ ಮಡಚಿ ಹೊಲಿದ ಒಂದು ಗಂಟು. ಅದು ಯಾಕೆಂದು ಆಗ ನಾನು ಕೇಳಲಿಲ್ಲ.

ಅದನ್ನು ಹಾಕಿಕೊಂಡು ಹೋದ ಮೊದಲ ದಿನ ಜೊತೆಗಾರರೆಲ್ಲ ನಕ್ಕರಂತೆ. ಹೆಚ್ಚು ನಕ್ಕವರು ದಾವಲಸಾಬರು. “ವೈನಿ ಹೋರಿಗೆ ಮೂಗದಾಣ ಹಾಕಿ ಕಳಿಸ್ಯಾರ ನೋಡ್ರಪಾ” ಎಂದರಂತೆ. ಅವರಿಗೆ ನಾನು ವೈನಿ, ಎಂದರೆ ಅತ್ತಿಗೆ. ನಮ್ಮವರ ಜೊತೆ ಹದಿನೈದು ವರ್ಷ ದುಡಿದವರು, ನನ್ನ ಕೈಯ ಶೇಂಗಾ ಚಟ್ನಿ ಎಂದರೆ ಜೀವ. ಅವರ ಮಾತಿಗೆ ಸಿಟ್ಟು ಬರುತ್ತಿರಲಿಲ್ಲ.

ಖಂಡೇಪೂಜೆಗೆ ನಮ್ಮಲ್ಲಿ ದುಡಿಮೆಯ ಹತ್ಯಾರಗಳನ್ನೆಲ್ಲ ತೊಳೆದು ದೇವರ ಜಗಲಿಯ ಮೇಲೆ ಇಡುತ್ತೇವೆ. ಥಾಪಿ, ಗುಂಡು, ರಂದಾ, ಜೊತೆಗೆ ಆ ಬೆಲ್ಟು. ಇಟ್ಟ ಮೇಲೆ ಮರುದಿನ ಬನ್ನಿ ಮುಡಿಯುವವರೆಗೆ ಎತ್ತುವಂತಿಲ್ಲ. ನಮ್ಮತ್ತೆ ಹಾಗೆ ನಡೆಸಿದ್ದರು, ನಾನೂ ಹಾಗೆಯೇ ನಡೆಸಿದ್ದೆ. ಆ ದಿನ ಮುಂಜಾನೆ ಬೆಲ್ಟಿಗೆ ನಾನೇ ವಿಭೂತಿ ಕುಂಕುಮ ಹಚ್ಚಿ, ಚೆಂಡು ಹೂವು ಏರಿಸಿದೆ.

ಹತ್ತು ಗಂಟೆಗೆ ಗುತ್ತಿಗೆದಾರನ ಫೋನು ಬಂತು. ಕಟ್ಟುತ್ತಿದ್ದದ್ದು ಒಂದು ಕಲ್ಯಾಣ ಮಂಟಪ. ಸಂಜೆ ಮಾಲಕರು ಬೀಗರನ್ನು ಕರೆದುಕೊಂಡು ನೋಡಲು ಬರುವವರಿದ್ದರು, ಮೇಲೆ ಒಂದು ಕಡೆ ಗಿಲಾಯಿ ಉದುರಿತ್ತು. ಫೋನಿನ ಮಾತು ನನಗೂ ಕೇಳುತ್ತಿತ್ತು. “ಅರ್ಧಾ ತಾಸಿನ ಕೆಲಸ. ದಾವಲ ಮಾಡ್ತಾನ, ಅವಗ ಇವತ್ತ ಪೂಜಿ ಇಲ್ಲ. ನೀ ಹತ್ಯಾರ ಮುಟ್ಟಬ್ಯಾಡೋ ಮಾರಾಯಾ, ಬರೇ ಎಲ್ಲಿ ಅಂತ ತೋರಿಸಿ ಬಾ.”

ನಮ್ಮವರು ಅಂಗಿ ಹಾಕಿಕೊಂಡು ಜಗಲಿಯ ಮುಂದೆ ನಿಂತರು. “ಬೆಲ್ಟು ತಗೊಂಡ ಹೋಗ್ಲೇನು?” ಎಂದು ನನ್ನನ್ನೇ ಕೇಳಿದರು.

“ಪೂಜಿಗಿಟ್ಟದ್ದು ಯಾರರ ಎತ್ತತಾರೇನ್ರಿ? ಇನ್ನೂ ನೈವೇದ್ಯ ಆಗಿಲ್ಲ. ತೋರಿಸಿ ಬರಾಕ ಬೆಲ್ಟ ಯಾಕ?” ಎಂದೆ.

“ಆತು” ಎಂದು ಹೋದರು. ಬೆಲ್ಟಿಗಾಗಿ ತಮ್ಮನ ಜೀವ ತಿಂದವಳೂ ನಾನೇ, ಆ ಮಾತು ಅಂದವಳೂ ನಾನೇ.

ಅವರು ಹೋಗಿ ಒಂದು ತಾಸಿನ ಮೇಲಾಗಿರಬೇಕು. ಹೂರಣ ರುಬ್ಬುತ್ತಿರುವಾಗ ದೇವರ ಕೋಣೆಯಲ್ಲಿ ಪರ್ ಎಂದು ಸದ್ದಾಯಿತು. ಗಟ್ಟಿ ಬಟ್ಟೆಯನ್ನು ಇಬ್ಬರು ಎರಡು ಕಡೆ ಹಿಡಿದು ಹರಿದಂಥ ಸದ್ದು. ಇಲಿಯೋ ಬೆಕ್ಕೋ ಎಂದು ಎದ್ದು ಹೋಗಿ ಬಾಗಿಲಲ್ಲೇ ನಿಂತು ನೋಡಿದೆ. ದೀಪ ಉರಿಯುತ್ತಿತ್ತು. ಹೂವು ಚೆಲ್ಲಿದ್ದವು. ಬೆಲ್ಟು ಇಟ್ಟ ಜಾಗದಿಂದ ಸರಿದು ಅದರ ಬಾಲ ಜಗಲಿಯ ಕೆಳಗೆ ಇಳಿಬಿದ್ದಿತ್ತು. ಹಾಳಾದ ಬೆಕ್ಕು ಎಂದುಕೊಂಡು ತಿರುಗಿ ಬಂದು ರುಬ್ಬಲು ಕುಳಿತೆ. ಸ್ವಲ್ಪ ಹೊತ್ತಿಗೆ ಫೋನು ಹೊಡೆದುಕೊಳ್ಳತೊಡಗಿತು.

ದವಾಖಾನೆಯಲ್ಲಿ ನಮ್ಮವರು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ಮೈಯೆಲ್ಲ ಧೂಳು, ಅಂಗೈ ತರಚಿತ್ತು, ಅಷ್ಟೇ. ದಾವಲಸಾಬರ ಬೆನ್ನುಮೂಳೆಗೆ ಪೆಟ್ಟಾಗಿ, ಅವರನ್ನು ಹುಬ್ಬಳ್ಳಿಗೆ ಸಾಗಿಸುತ್ತಿದ್ದರು. ಅವರ ಹೆಂಡತಿ ಮಾಬೂಬಿ ಗಾಡಿ ಹತ್ತುವಾಗ ನನ್ನ ಮುಖ ನೋಡಿದಳು, ನಮ್ಮವರ ಮುಖ ನೋಡಿದಳು.

ನಡೆದದ್ದನ್ನು, ಜೊತೆಗೆ ಬಂದಿದ್ದ ಮಂಟಪದ ಎದುರಿನ ಚಹಾದಂಗಡಿಯವನು ಹೇಳಿದ. ಇಬ್ಬರೂ ಸಾರುವೆಯ ಮೂರನೆಯ ಅಟ್ಟದಲ್ಲಿದ್ದರು. ದಾವಲಸಾಬರು ಮುಂದೆ, ನಮ್ಮವರು ಹಿಂದೆ. ಒಮ್ಮೆಲೆ ಹಲಗೆ ಎದ್ದು ಇಬ್ಬರೂ ಅದರ ಜೊತೆಗೆ ಹೋದರು. ದಾವಲಸಾಬರು ನೆಲಕ್ಕೆ ಬಿದ್ದರು. “ಇವ್ರು ಅರ್ಧಾಕ ನಿಂತ್ರು ನೋಡ್ರಿ. ಗಿಡಕ್ಕ ಅರಿವಿ ಸಿಕ್ಕಂಗ ಬಗ್ಗಿ ಜೋತಬಿದ್ದಿದ್ರು. ಕೈಯಾಗ ಏನೂ ಹಿಡದಿದ್ದಿಲ್ಲ, ಖರೇನ ಹೇಳ್ತೇನಿ. ಆಮ್ಯಾಲ ಜೋಲಿ ಹೊಡದು ಗಳಾ ತೆಕ್ಕಿ ಬಡದ್ರು.” ಭಯದಲ್ಲಿ ಮನುಷ್ಯ ಏನೇನೋ ಕಂಡಂತೆ ಹೇಳುತ್ತಾನೆ ಎಂದುಕೊಂಡೆ. ನಮ್ಮವರನ್ನು ಕೇಳಿದರೆ, “ಬೆನ್ನಿಗೆ ಯಾರೋ ಜಗ್ಗಿದಂಗಾತು” ಎಂದಷ್ಟೇ ಹೇಳಿದರು.

ಸಂಜೆ ಅವರಿಗೆ ಬಿಸಿನೀರು ಹಾಕುವಾಗ ನೋಡಿದೆ. ಎರಡು ತೊಡೆಗೂ ಸುತ್ತಲೂ, ಎದೆಗೆ ಅಡ್ಡಲಾಗಿ, ಮೂರು ಬೆರಳು ಅಗಲದ ಬಾಸುಂಡೆ. ನೇರಳೆ ಹಣ್ಣಿನ ಬಣ್ಣ. ಗಳ ಬಡಿದಿರಬೇಕು ಎಂದರು. ಗಳ ಬಡಿದರೆ ತೊಡೆಯ ಹಿಂಭಾಗದಲ್ಲೂ ಹಾಗೆ ಸುತ್ತಿ ಮೂಡುತ್ತದೆಯೇ ಎಂದುಕೊಂಡು ಇನ್ನೊಂದು ತಂಬಿಗೆ ನೀರು ಹಾಕಿದೆ. ಅಂಗಿ ಯಾವುದಾದರೂ ಮೊಳೆಗೆ ಸಿಕ್ಕಿರಬಹುದೆಂದು ಒಗೆಯುವಾಗ ತಿರುವಿ ತಿರುವಿ ನೋಡಿದೆ. ಒಂದು ಎಳೆಯೂ ಹರಿದಿರಲಿಲ್ಲ.

ಮರುದಿನ ಪೂಜೆ ಎತ್ತುವಾಗ ಬೆಲ್ಟು ಕೈಗೆ ಬಂತು. ಬಾಲದ ನಡುವಿನ ಗಂಟು ಬಿಚ್ಚಿತ್ತು. ಒಳಗೆ ಮಡಚಿಟ್ಟಿದ್ದ ಪಟ್ಟಿ ಎರಡು ಮೊಳದಷ್ಟು ಹೊರಗೆ ಬಂದಿತ್ತು, ಅದರುದ್ದಕ್ಕೂ ಕಿತ್ತ ದಾರ. ಇಲಿ ಕಡಿದಿದ್ದರೆ ಹಲ್ಲಿನ ಗುರುತು ಇರಬೇಕು, ಚೂರು ಬಿದ್ದಿರಬೇಕು. ಅದೇನೂ ಇರಲಿಲ್ಲ.

ಎರಡು ದಿನ ಬಿಟ್ಟು ನನ್ನ ತಮ್ಮ ನಮ್ಮವರನ್ನು ನೋಡಲು ಬಂದ. ನಾನು ಏನನ್ನೂ ಹೇಳದೆ ಬೆಲ್ಟನ್ನು ಅವನ ಮುಂದೆ ಇಟ್ಟೆ. ಕೈಗೆತ್ತಿಕೊಂಡು ನೋಡಿದವನೇ, “ಅಕ್ಕಾ, ಇದನ್ನ ಹಾಕ್ಕೊಂಡು ಯಾರು ಬಿದ್ದಿದ್ರು?” ಎಂದ.

“ಯಾರೂ ಇಲ್ಲೋ. ಜಗಲಿ ಮ್ಯಾಲ ಇತ್ತು.”

“ಚ್ಯಾಷ್ಟಿ ಮಾಡಬ್ಯಾಡ. ಇದು ಮನಷ್ಯಾ ಬಿದ್ದಾಗ ಜಗ್ಗಿಗೆ ಅಷ್ಟ ಬಿಚ್ಚತೈತಿ. ಬಿದ್ದ ಹೊಡತ ಮೈಗೆ ಹತ್ತಬಾರದಂತ ಹಂಗ ಹೊಲದಿರ್ತಾರ. ಕೈಲೆ ಜಗ್ಗಿದ್ರ ನಾವಿಬ್ರೂ ಕೂಡಿದ್ರೂ ಬಿಚ್ಚೂದಿಲ್ಲ.” ಮತ್ತೆ ಹೇಳಿದ, “ಒಮ್ಮೆ ಬಿಚ್ಚಿತಂದ್ರ ಇದರ ಕೆಲಸ ಮುಗೀತು. ಕತ್ತರಿಸಿ ಒಗೀಬೇಕು. ಇಲ್ಲಾಂದ್ರ ಯಾರರೆ ತಿಳೀದ ಹಾಕ್ಕೋತಾರ.”

ಅವನಿಗೆ ಆ ದಿನ ಮುಂಜಾನೆಯಿಂದ ನಡೆದದ್ದನ್ನೆಲ್ಲ ಹೇಳಿದೆ. ಹೊಲಿಗೆಯೇ ಸರಿ ಇದ್ದಿಲ್ಲವೇನೋ ಎಂದ, ಮತ್ತೆ ಗಂಟನ್ನು ತಿರುವಿ ನೋಡಿದ. ಊಟಕ್ಕೆ ಕುಳಿತರೂ ಸರಿಯಾಗಿ ಉಣ್ಣಲಿಲ್ಲ.

ನಾವು ಮಾತನಾಡಿದ್ದನ್ನು ನೀಲವ್ವ ಕೇಳಿಸಿಕೊಂಡಿದ್ದಳು. ಸಂಜೆಯಷ್ಟರಲ್ಲಿ ಓಣಿಯೆಲ್ಲ ಗೊತ್ತಾಯಿತು. ಮರುದಿನದಿಂದ ಹೆಂಗಸರು ಕಾಯಿ, ಎಣ್ಣೆ ಹಿಡಿದು ಬರತೊಡಗಿದರು. ಬೆಲ್ಟು ಜಗಲಿಯ ಮೇಲೆಯೇ ಉಳಿಯಿತು. ಬೇಡ ಎನ್ನಲು ನನಗೂ ಧೈರ್ಯವಾಗಲಿಲ್ಲ. ಬಾಸುಂಡೆಗಳನ್ನು ಕಣ್ಣಾರೆ ಕಂಡವಳು ನಾನು.

ನಾಲ್ಕನೆಯ ದಿನ ಗುತ್ತಿಗೆದಾರ ಮಾಲೆ ತಂದ. ಬೆಲ್ಟಿಗೆ ಹಾಕಿ, ಕೈಮುಗಿದು, ನನ್ನ ಕಡೆ ತಿರುಗಿದ. “ತಂಗೀ, ನಮ್ಮ ಸಾರವಿಗೆ ದೇವರ ಕಾವಲೈತಿ ನೋಡು. ಇವ್ರು ಬಿದ್ದಾಗಿಂದ ಎಲ್ಲಾರೂ ಬೆಲ್ಟು ಬೆಲ್ಟು ಅಂತಿದ್ರು. ಮನ್ಯಾಗಿದ್ದ ಬೆಲ್ಟ ಅಲ್ಲಿ ಬಂದು ಹಿಡೀತು ಅಂದ ಮ್ಯಾಲ ಇನ್ನೇನು ಬೇಕು?”

“ದಾವಲಸಾಬ್ರನ್ನ ಯಾವ ಬೆಲ್ಟ ಹಿಡೀಬೇಕಿತ್ರಿ ಅಣ್ಣಾರ? ನೀವು ಅವ್ರಿಗೆ ಕೊಟ್ಟೇ ಇದ್ದಿಲ್ಲ.”

“ಅದು ಅವನ ಹಣೇಬರ, ತಂಗಿ” ಎಂದು ಚಹಾ ಕುಡಿದು ಎದ್ದ.

ಅವನು ಹೋದ ಮೇಲೆ ನಮ್ಮವರು, “ನಾಳೆ ಬಿಟ್ಟು ಮುಂದಿನ ಸೋಮವಾರದಿಂದ ಕೆಲಸಕ್ಕ ಹೋಗ್ತೇನಿ” ಎಂದರು. ತಮ್ಮ ಹೊಸ ಬೆಲ್ಟು ತಂದುಕೊಡುತ್ತಾನೆ, ಬರುವವರೆಗೆ ತಡೆಯಿರಿ ಎಂದೆ. “ಹೊಸಾದು ಯಾಕ? ಇದು ಇಲ್ಲೇ ಇರಲಿ. ಇಲ್ಲಿದ್ದ ಕಾಯತೈತಿ” ಎಂದರು. ಅವರ ಮುಖದಲ್ಲಿ ಭಯ ಎನ್ನುವುದೇ ಇರಲಿಲ್ಲ. ಬಿದ್ದ ದಿನಕ್ಕಿಂತ ಹೆಚ್ಚಾಗಿ ನಾನು ಹೆದರಿದ್ದು ಆವಾಗ.

ಆ ಸೋಮವಾರಕ್ಕೆ ಇನ್ನೂ ಎಂಟು ದಿನವಿತ್ತು. ದಿನವೂ ಹೇಳಿದೆ, ದಿನವೂ ಅದೇ ಉತ್ತರ. ಶನಿವಾರ ದಾವಲಸಾಬರನ್ನು ಹುಬ್ಬಳ್ಳಿಯಿಂದ ಮನೆಗೆ ಕರೆತಂದರೆಂದು ತಿಳಿದು ಭಾನುವಾರ ಮಧ್ಯಾಹ್ನ ನಾನೊಬ್ಬಳೇ ಹೋದೆ. ಮಾಬೂಬಿ ಬಾಗಿಲಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಸರಿದು ದಾರಿ ಕೊಟ್ಟಳು. ಅವರು ಮಂಚದ ಮೇಲಿದ್ದರು. ಸೊಂಟದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ.

“ಬರ್ರಿ ವೈನಿ. ಎದ್ದು ಕುಂಡ್ರತಿದ್ದೆ, ಕಾಲು ರಜಾ ಹಾಕ್ಯಾವ” ಎಂದರು.

ಹಲಗೆ ಹೇಗೆ ಎದ್ದಿತು ಎಂದು ಕೇಳಿದೆ. ಅವರು ಮಾಳಿಗೆ ನೋಡುತ್ತ ಹೇಳಿದರು. ಪೂಜೆಗೆಂದು ಮುಂಜಾನೆ ಗುತ್ತಿಗೆದಾರನ ಆಳುಗಳು ಸಾರುವೆಯ ಹಲಗೆಗಳನ್ನೂ ಬಿಚ್ಚಿ ಕೆಳಗಿಳಿಸಿ ತೊಳೆದಿದ್ದರು. ಇವತ್ತು ಯಾರು ಹತ್ತುತ್ತಾರೆ ಎಂದು ಕಟ್ಟದೆ ಹಾಗೆಯೇ ಮೇಲೆ ಹಾಸಿ, ಪ್ರತಿ ಹಲಗೆಯ ನಡುವೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಹೂವು ಇಟ್ಟಿದ್ದರು.

“ಅದನ್ನ ಹ್ಯಾಂಗ ತುಳೀಲ್ರಿ? ನಿಮ್ಮ ಪೂಜಿ ಆದದ್ದು. ನಡುವ ಕಾಲಿಡೂದು ಬ್ಯಾಡಂತ, ಹೊರಗ ಚಾಚಿದ ತುದಿ ಮ್ಯಾಲ ಇಟ್ಟೆ. ದಿನಾ ಕಟ್ಟಿರ್ತಾರ, ತಡೀತೈತಿ. ಪೂಜಿ ದಿನಾ ಬಿಚ್ಚಿರ್ತಾರಂತ ನನಗೇನ ಗೊತ್ತು. ನಿಮ್ಮನಿಯವ್ನೂ ನಾ ಇಟ್ಟಲ್ಲೇ ಕಾಲಿಟ್ಟಾ.”

ನಾನು ಅಳುತ್ತೇನೆಂದು ಅವರಿಗೆ ಅನಿಸಿರಬೇಕು, ನಗಿಸಲು ನೋಡಿದರು. “ವೈನಿ, ಒಂದ ಮಾತ ಕೇಳ್ಲೇನ್ರಿ? ನಿಮ್ಮ ದೇವರಿಗೆ ಕೈ ಒಂದ ಏನು?”

“ಸುಮ್ನಿರ್ರಿ ನೀವು” ಎಂದು ಮಾಬೂಬಿ ಬಾಗಿಲಿನಿಂದಲೇ ಗದರಿದಳು.

“ಚ್ಯಾಷ್ಟಿಗಂದೆ” ಎಂದು ಅವರು ಕಣ್ಣು ಮುಚ್ಚಿದರು.

ಮನೆಗೆ ಬಂದವಳೇ ಸೀರೆ ಸಹ ಬದಲಿಸದೆ ಅಡಿಗೆಗೆ ನಿಂತೆ. ರೊಟ್ಟಿಗೆ ಹಿಟ್ಟು ನಾದಿದೆ. ನಾದುವಾಗ ಅವರ ಮಾತೇ ಕಿವಿಯಲ್ಲಿ. ಹದಿನೈದು ವರ್ಷ ಸಾರುವೆಯ ಮೇಲೆ ದುಡಿದ ಮನುಷ್ಯ, ನಮ್ಮ ಕುಂಕುಮ ತುಳಿಯಬಾರದೆಂದು ತುದಿಯ ಮೇಲೆ ಕಾಲಿಟ್ಟ. ತುಳಿದಿದ್ದರೆ ಇವತ್ತು ನಡೆದಾಡುತ್ತಿದ್ದ. ನಾನು ಪೂಜೆ ಕೆಡುತ್ತದೆಂದು ಬೆಲ್ಟು ಎತ್ತಗೊಡಲಿಲ್ಲ. ಹಲಗೆ ತೊಳೆದವರು ಭಕ್ತಿಯಿಂದಲೇ ತೊಳೆದರು. ಎಲ್ಲರೂ ಒಳ್ಳೆಯದನ್ನೇ ಮಾಡಿದೆವು. ಒಬ್ಬರೂ ಹಗ್ಗ ಕಟ್ಟಲಿಲ್ಲ.

ಕೈ ತೊಳೆದುಕೊಂಡು ಜಗಲಿಯ ಮುಂದೆ ಹೋದೆ. ಮಾಲೆ ತೆಗೆದು ದೇವರಿಗೆ ಹಾಕಿದೆ. ಬೆಲ್ಟನ್ನು ತಂದು ಈಳಿಗೆ ಮಣೆಯ ಮುಂದೆ ಕುಳಿತೆ. ಪಟ್ಟಿ ಸುಲಭಕ್ಕೆ ಕೊಯ್ಯಿಸಿಕೊಳ್ಳಲಿಲ್ಲ. ಒಂದೊಂದಕ್ಕೂ ಎಷ್ಟು ಹೊತ್ತು ಎಳೆದೆನೋ, ಅಂಗೈ ಕೆಂಪಾಯಿತು. ಸದ್ದಿಗೆ ನಮ್ಮವರು ಒಳಗಿನಿಂದ ಬಂದರು.

“ತಲಿ ಕೆಟ್ಟೈತೇನು ನಿನಗ? ದೇವರಂಥಾದ್ದು ಅದು.”

“ದೇವ್ರು ಜಗಲಿ ಮ್ಯಾಲ ಅದಾನ್ರಿ. ಇದು ಬೆಲ್ಟು. ಇದರ ಕೆಲಸ ಮುಗದೈತಂತ ತಮ್ಮ ಹೇಳ್ಯಾನ. ನಿಮ್ಮನ್ನ ಯಾರು ಹಿಡದ್ರೋ ನನಗ ಗೊತ್ತಿಲ್ಲ. ಹಿಡದವ್ರಿಗೆ ಕೈ ಮುಗೀತೇನಿ. ಇನ್ನೊಮ್ಮೆ ಹಿಡೀತಾರಂತ ನಿಮ್ಮನ್ನ ಕಳಸೂದಿಲ್ಲ.”

“ನಾಳೆ ಹೋಗಾಂವನ ನಾ.”

“ಹೋಗ್ರಿ. ಮೊದಲ ದಾವಲಸಾಬ್ರ ಮನಿಗೆ ಹೋಗ್ರಿ. ಅವ್ರು ಹ್ಯಾಂಗ ಬಿದ್ರು ಕೇಳ್ರಿ.” ಎಂದು, ಕೇಳಿ ಬಂದದ್ದನ್ನು ನಾನೇ ಹೇಳಿಬಿಟ್ಟೆ. ಅವರು ಗೋಡೆಗೆ ಒರಗಿ ಕುಳಿತುಬಿಟ್ಟರು. ದಾವಲಸಾಬರು ತುದಿಯ ಮೇಲೆ ಯಾಕೆ ಕಾಲಿಟ್ಟರೆಂದು ಅವರಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಮುಂದಿನದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಗುತ್ತಿಗೆದಾರ ನಮ್ಮವರನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಹತ್ತುವ ಮೊದಲು ಹಲಗೆ ಹಲಗೆ ಅಲುಗಾಡಿಸಿ, ಗಂಟು ಗಂಟು ಜಗ್ಗಿ ನೋಡುವ ಗೌಂಡಿ ಅವನಿಗೆ ಬೇಡವಾಗಿತ್ತು. ಬೇರೆ ಕಡೆ ದುಡಿಯುತ್ತಾರೆ. ಅಲ್ಲೂ ಹೊತ್ತು ಹಾಳು ಮಾಡುತ್ತಾನೆಂದು ಅನ್ನಿಸಿಕೊಳ್ಳುತ್ತಾರೆ. ಸಂಜೆ ಮನೆಗೆ ಬರುತ್ತಾರೆ, ನನಗೆ ಅಷ್ಟು ಸಾಕು. ದಾವಲಸಾಬರು ಈಗಲೂ ಮಂಚದ ಮೇಲಿದ್ದಾರೆ. ಖಂಡೇಪೂಜೆ ನಾನು ಬಿಟ್ಟಿಲ್ಲ. ಥಾಪಿ, ಗುಂಡು ಜಗಲಿಗೇರುತ್ತವೆ. ಬೆಲ್ಟು ಏರುವುದಿಲ್ಲ.

ಬಾಸುಂಡೆ ಹದಿನೈದು ದಿನಕ್ಕೆ ಮಾಯವಾದವು. ಆ ಸದ್ದು ಯಾವುದು, ಆ ಹೊಲಿಗೆ ಬಿಚ್ಚಿದ್ದು ಯಾರ ಭಾರಕ್ಕೆ, ನನಗೆ ಇವತ್ತಿಗೂ ತಿಳಿದಿಲ್ಲ. ಹಿಡಿಯುವವನು ಇದ್ದದ್ದು ನಿಜವೇ ಆದರೆ ಆ ಸಾರುವೆಯ ಮೇಲೆ ಇಬ್ಬರಿದ್ದರಲ್ಲ ಎಂದು ದೀಪ ಹಚ್ಚುವಾಗ ಕೆಲವು ದಿನ ಕೇಳುತ್ತೇನೆ. ಕೇಳಿ ನಮಸ್ಕಾರವನ್ನೂ ಮಾಡುತ್ತೇನೆ.

ಆ ಭಾನುವಾರ ನಮ್ಮವರು ಕತ್ತಲಾಗುವವರೆಗೆ ಗೋಡೆ ಬಿಟ್ಟು ಏಳಲಿಲ್ಲ. ಆಮೇಲೆ ನನ್ನ ಕಡೆ ನೋಡದೆಯೇ, “ನಿನ್ನ ತಮ್ಮಗ ಫೋನ ಹಚ್ಚು” ಎಂದರು. ಹಚ್ಚಿ ಅವರ ಕೈಗೆ ಕೊಟ್ಟೆ. “ಎರಡು ಬೇಕು” ಎಂದು ಅವರು ಹೇಳುತ್ತಿದ್ದದ್ದು ಕೇಳಿತು, “ನನ್ನ ಜೋಡಿ ಯಾರ ಹತ್ತತಾರೋ, ಅವ್ರಿಗೊಂದು.” ಮಾಬೂಬಿಯ ಮನೆಗೆಂದು ಹೆಚ್ಚಿಗೆ ನಾದಿದ್ದ ಹಿಟ್ಟು ಒಣಗುತ್ತಿತ್ತು. ನೀರು ಚಿಮುಕಿಸಿ ಮತ್ತೊಮ್ಮೆ ನಾದಿ, ರೊಟ್ಟಿ ಬಡಿಯಲು ಕುಳಿತೆ.